ನೋಬಲ್ ಪಾತ್ರದ ಎಂಟು ಗುಣ: ಒಬ್ಬ ಬೈಂಡಿಂಗ್ ಅಂಗಡಿಯವನ ವಿಮರ್ಶೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' 320 ಪುಟದ ದಪ್ಪ ಪುಸ್ತಕ. ಅಷ್ಟನ್ನೂ ವಿಮರ್ಶೆ ಮಾಡುವ ಶಕ್ತಿ ನನಗಿಲ್ಲ. ಮಂತ್ರಗಳ ಭಾಗವನ್ನಂತೂ ನಾನು ಓದಿಯೇ ಇಲ್ಲ. ಇಲ್ಲಿ ಬರೆಯುತ್ತಿರುವುದು 'ನೋಬಲ್' ಅನ್ನುವ ಹಿನ್ನೆಲೆಗೆ ಕೊಟ್ಟಿರುವ ಕೆಲವೇ ಪುಟಗಳ ಬಗ್ಗೆ, ಅದರಲ್ಲೂ ಎಂಟು ಸಾಲಿನ ಒಂದು ಕೋಷ್ಟಕದ ಬಗ್ಗೆ. ದೊಡ್ಡ ಮನೆತನದಲ್ಲಿ ಹುಟ್ಟಿದ ಪಾತ್ರದ ಸ್ವಭಾವ ಹೇಗಿರಬಹುದು ಅಂತ ದಾಳ ಉರುಳಿಸಿ ತೀರ್ಮಾನಿಸುವ ಕೋಷ್ಟಕ ಅದು.

ನನ್ನದು ಸರಸ್ವತಿಪುರಂನಲ್ಲಿ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಮೇಲಿನ ಕೋಣೆಯಲ್ಲಿ ಭಾನುವಾರ ಸಂಜೆ ನನ್ನ ಮಗಳು, ಅವಳ ಕಾಲೇಜಿನವರು ಸೇರಿ ಈ ಆಟ ಆಡುತ್ತಾರೆ. ಒಂದು ವಾರ ಒಬ್ಬ ಕಡಿಮೆ ಬಿದ್ದ ಅಂತ ನನ್ನನ್ನು ಕೂರಿಸಿಕೊಂಡರು. ಆಮೇಲೆ ಎಬ್ಬಿಸಲಿಲ್ಲ, ನಾನೂ ಏಳಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಚೌಕಾಬಾರದ ಹಾಗೆ ಮನೆಯಿಂದ ಮನೆಗೆ ಕಾಯಿ ನಡೆಸಿ ಹಣ್ಣು ಮಾಡುವ ಆಟವಲ್ಲ. ಡಂಜನ್ ಮಾಸ್ಟರ್, ಅಂದರೆ ಡಿಎಂ, ಒಂದು ಲೋಕವನ್ನು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ಉಳಿದವರು ಆ ಲೋಕದೊಳಗಿನ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಹೊಡೆದಾಡುತ್ತಾರೆ, ಓಡಿಹೋಗುತ್ತಾರೆ. ಏನಾದರೂ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ. ನಮ್ಮ ಡಿಎಂ ಶ್ರೀರಂಗಪಟ್ಟಣದ ಕಡೆಯ ಹುಡುಗಿ. ಪುಸ್ತಕದ ಊರುಗಳನ್ನು ಬದಿಗಿಟ್ಟು ಹೊಳೆ, ಕಬ್ಬಿನ ಗದ್ದೆ, ಕೋಟೆ, ಮರಳು ಇರುವ ಒಂದು ಸೀಮೆಯನ್ನು ಅವಳೇ ಕಟ್ಟಿದ್ದಾಳೆ. ನಿಯಮಗಳು ಮಾತ್ರ ಪುಸ್ತಕದವೇ.

ಆ ಪುಸ್ತಕದಲ್ಲಿ ಹದಿಮೂರು ಹಿನ್ನೆಲೆಗಳಿವೆ: ಸನ್ಯಾಸಿ, ಸಿಪಾಯಿ, ನಾವಿಕ, ಕಳ್ಳ, ಬೀದಿಯಲ್ಲಿ ಬೆಳೆದ ಮಗು, ಹೀಗೆ. ನೋಬಲ್ ಆಯ್ದುಕೊಂಡರೆ ಇತಿಹಾಸ ಮತ್ತು ಮನವೊಲಿಕೆ ಎರಡರಲ್ಲಿ ಪಳಗಿದವರು ಅಂತ ಲೆಕ್ಕ. ಒಂದು ಭಾಷೆ ಹೆಚ್ಚಿಗೆ ಬರುತ್ತದೆ. ಒಂದು ಜೊತೆ ಒಳ್ಳೆಯ ಬಟ್ಟೆ, ಮುದ್ರೆಯುಂಗುರ, ವಂಶಾವಳಿ ಬರೆದ ಸುರುಳಿ, 25 ಚಿನ್ನದ ನಾಣ್ಯ ಇರುವ ಚೀಲ ಕೈಗೆ ಸಿಗುತ್ತವೆ. 25 ನೋಡಿ ನಾನು ಹಿಗ್ಗಿದ್ದೆ, ಸನ್ಯಾಸಿಗೆ ಐದೇ ಕೊಡುತ್ತಾರೆ. ಆಮೇಲೆ ಜೀವನ ವೆಚ್ಚದ ಪುಟ ತೆಗೆದರೆ ಶ್ರೀಮಂತ ವಂಶದವರ ಹಾಗೆ ಬದುಕಲು ದಿನಕ್ಕೆ ಕನಿಷ್ಠ 10 ಚಿನ್ನ ಬೇಕು ಅಂತಿದೆ. ಅಂದರೆ ನಮ್ಮ ದೊರೆಮಗನ ದೊರೆತನ ಎರಡೂವರೆ ದಿನಕ್ಕೆ ಮುಗಿಯಿತು. ಬರೆದವರು ಬೇಕೆಂದೇ ಹೀಗೆ ಇಟ್ಟರೋ ಏನೋ, ನನಗಂತೂ ಇದು ಇಡೀ ಪುಟದಲ್ಲೇ ನಿಜಕ್ಕೆ ಹತ್ತಿರದ ವಿಷಯ. ಹೆಸರು ದೊಡ್ಡದು, ಚೀಲ ಸಣ್ಣದು: ಅಂಥ ಮನೆಗಳನ್ನು ನಾವು ಎಷ್ಟು ನೋಡಿಲ್ಲ.

ಇನ್ನು ಗುಣಗಳ ಕೋಷ್ಟಕ. ಎಂಟು ಮುಖದ ದಾಳ ಉರುಳಿಸಿ ಎರಡು ಗುಣ ಆರಿಸಿಕೊಳ್ಳಬೇಕು, ಅಥವಾ ಇಷ್ಟ ಬಂದದ್ದನ್ನು ತೆಗೆದುಕೊಳ್ಳಬಹುದು. ನನ್ನ ತಕರಾರು ಮೊದಲ ಮೂರು ಸಾಲುಗಳ ಮೇಲೆ. ಒಂದನೆಯದರಲ್ಲಿ ನನ್ನ ಹೊಗಳಿಕೆ ಕೇಳಿದವರಿಗೆಲ್ಲ ಲೋಕದಲ್ಲಿ ತಾವೇ ದೊಡ್ಡವರು ಅನ್ನಿಸಿಬಿಡುತ್ತದೆ. ಎರಡನೆಯದರಲ್ಲಿ ನನ್ನ ದಯೆ, ದಾನ ನೋಡಿ ಸಾಮಾನ್ಯ ಜನ ನನ್ನನ್ನು ಪ್ರೀತಿಸುತ್ತಾರೆ. ಮೂರನೆಯದರಲ್ಲಿ ನನ್ನ ಗತ್ತು ನೋಡಿದವರು ಇವನು ನಮಗಿಂತ ಮೇಲಿನವನು ಅಂತ ಒಪ್ಪಲೇಬೇಕು. ಮೂರೂ ನನ್ನ ಗುಣಗಳೇ ಅಲ್ಲ, ಬೇರೆಯವರ ಅಭಿಪ್ರಾಯಗಳು. ಅವರ ಅಭಿಪ್ರಾಯವನ್ನು ನನ್ನ ಕ್ಯಾರೆಕ್ಟರ್ ಶೀಟಿನಲ್ಲಿ, ಅಂದರೆ ಪಾತ್ರದ ವಿವರ ಬರೆದಿಡುವ ಹಾಳೆಯಲ್ಲಿ, ನಾನು ಹೇಗೆ ಬರೆದುಕೊಳ್ಳಲಿ? ಅದು ಡಿಎಂ ಕೈಯಲ್ಲಿರುವ ಸಂಗತಿ. ಮಗಳ ಪಾತ್ರಕ್ಕೆ ಒಂದನೆಯದು ಬಿತ್ತು. ಕೋಟೆ ಬಾಗಿಲಿನ ದಫೇದಾರನನ್ನು ಸೂರ್ಯ ಚಂದ್ರ ಅಂತೆಲ್ಲ ಹೊಗಳಿದಳು, ದಾಳ ಹಾಕಿದಳು, ಮೂರು ಬಿತ್ತು. ದಫೇದಾರ ಆಕಳಿಸಿದ. ಶೀಟಿನಲ್ಲಿ ಮಾತ್ರ ಎಲ್ಲರೂ ಮರುಳಾಗುತ್ತಾರೆ ಅಂತಲೇ ಇದೆ.

ಎರಡನೆಯ ಸಾಲು ಮೈಸೂರು, ಮಂಡ್ಯದವರಿಗೆ ಇನ್ನೂ ಇಕ್ಕಟ್ಟಿನದು. ನಮ್ಮ ಕಡೆ ಎಷ್ಟೋ ಮನೆಗಳ ನಡುಮನೆಯಲ್ಲಿ ದೇವರ ಪಟದ ಸಾಲಿನಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೊ ಇರುತ್ತದೆ. ಅದು ಸುಮ್ಮನೆ ಬಂದದ್ದಲ್ಲ. ಕನ್ನಂಬಾಡಿ ಕಟ್ಟೆ ಎದ್ದು, ಮಂಡ್ಯದ ಒಣನೆಲಕ್ಕೆ ನಾಲೆ ನೀರು ಹರಿದದ್ದಕ್ಕೆ ಬಂದದ್ದು. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೂ ಪಾಲು ಬೇಕು ಅನ್ನುವ ಪ್ರಶ್ನೆಗೆ ಕೈ ಹಾಕಿದ್ದಕ್ಕೆ ಬಂದದ್ದು. ಆಗ ಎದುರು ಹಾಕಿಕೊಂಡವರೂ ಇದ್ದರು. ಪ್ರೀತಿಯನ್ನು ಮೊದಲೇ ಶೀಟಿನಲ್ಲಿ ಬರೆದುಕೊಂಡು ಕೂತರೆ ಆಡುವುದಕ್ಕೆ ಏನು ಉಳಿಯಿತು? ಇದೇ ಹಿನ್ನೆಲೆಯ ಇನ್ನೊಂದು ಕೋಷ್ಟಕದಲ್ಲಿ, ಜನ ನನ್ನನ್ನು ತಮ್ಮ ಪಾಲಿನ ನಾಯಕ ಅಂತ ನೋಡಲೇಬೇಕು ಅನ್ನುವ ಹಂಬಲವನ್ನು ಪಾತ್ರದ ಬಂಧವಾಗಿ ಕೊಟ್ಟಿದ್ದಾರೆ. ಅದು ಎಷ್ಟೋ ಮೇಲು. ಹಂಬಲ ಇದ್ದವನು ಎದ್ದು ಓಡಾಡುತ್ತಾನೆ.

ನಾಲ್ಕನೆಯದು ಬಟ್ಟೆಬರೆ, ಫ್ಯಾಷನ್ನಿನ ಗುಣ. ಜರಿ ಪೇಟ ಕಟ್ಟಿಕೊಂಡು ಬಂದೆ ಅಂತ ಒಂದು ಸಲ ಹೇಳಿದರೆ ಮುಗಿಯಿತು.

ಐದನೆಯದು ನನಗೆ ಬಿದ್ದದ್ದು. ಕೈ ಕೊಳೆ ಮಾಡಿಕೊಳ್ಳುವುದಿಲ್ಲ, ಸತ್ತರೂ ನನ್ನ ಯೋಗ್ಯತೆಗೆ ತಕ್ಕದ್ದಲ್ಲದ ಜಾಗದಲ್ಲಿ ತಂಗುವುದಿಲ್ಲ ಅನ್ನುವ ಸ್ವಭಾವ. ಕೋಷ್ಟಕದಲ್ಲಿ ಓದಿದಾಗ ತೀರಾ ಸಪ್ಪೆ ಅನ್ನಿಸಿತ್ತು. ನನ್ನ ಪಾತ್ರ ಒಬ್ಬ ಪಾಳೇಗಾರನ ಎರಡನೇ ಮಗ, ಕತ್ತಿ ಹಿಡಿಯುವವನು. ಒಂದು ಹೊಡೆದಾಟದಲ್ಲಿ ಅರೆಜೀವವಾಗಿ, ಮಳೆಯಲ್ಲಿ ತೊಯ್ದು, ನಾವೆಲ್ಲ ಒಬ್ಬ ರೈತನ ಮನೆ ಬಾಗಿಲಿಗೆ ಬಂದೆವು. ರೈತನ ಮಾತು ಡಿಎಂದು.

"ಬುದ್ದೀ, ಒಳಗೆ ಬಾಣಂತಿ ಅವ್ಳೆ. ಕೊಟ್ಟಿಗೇಲಿ ಹುಲ್ಲು ಹಾಸ್ಕೊಡ್ತೀನಿ, ಮನಿಕ್ಕಳಿ."

ನಾನು ಗತ್ತಿನಲ್ಲಿ, "ಕೊಟ್ಟಿಗೆ ಇರೋದು ಎತ್ತು ಮಲಗೋಕೆ" ಅಂದೆ.

"ಎತ್ತೆಲ್ಲವೆ ಬುದ್ದಿ? ನಿಮ್ಮಪ್ಪಾರ ಕಂದಾಯಕ್ಕೆ ಮಾರಾಯ್ತು."

ಮೇಜಿನ ಸುತ್ತ ಯಾರೂ ನಗಲಿಲ್ಲ. ನಾನು ಕೊಟ್ಟಿಗೆಗೆ ಹೋಗಲೂ ಇಲ್ಲ, ಗುಣ ಬಿಡಬಾರದಲ್ಲ. ರಾತ್ರಿಯೆಲ್ಲ ಜಗಲಿಯ ಮೇಲೆ ಕೂತೇ ಇರುತ್ತೇನೆ ಅಂದೆ. ನಿಯಮದ ಪ್ರಕಾರ ಲಾಂಗ್ ರೆಸ್ಟ್ ಅಂದರೆ ಎಂಟು ಗಂಟೆಯ ವಿಶ್ರಾಂತಿ. ಅದು ಸಿಕ್ಕರೆ ಕಳೆದುಕೊಂಡ ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವದ ಲೆಕ್ಕ, ಎಲ್ಲ ವಾಪಸು ಬರುತ್ತದೆ. ಕೂತು ಎಚ್ಚರವಾಗಿದ್ದವನಿಗೆ ಅದು ಸಿಗುವುದಿಲ್ಲ ಅಂತ ಡಿಎಂ ಹೇಳಿದಳು. ಉಳಿದವರು ಕೊಟ್ಟಿಗೆಯಲ್ಲಿ ಮಲಗಿ ಬೆಳಗ್ಗೆ ಗುಂಡುಕಲ್ಲಿನ ಹಾಗೆ ಎದ್ದರು. ನನ್ನವನು ನಡುಗುತ್ತಾ ಎದ್ದ. "ಅಂಕಲ್, ಇನ್‌ಸ್ಪಿರೇಷನ್ ತಗೊಳ್ಳಿ" ಅಂದಳು. ಗುಣಕ್ಕೆ ತಕ್ಕ ಹಾಗೆ ಆಡಿದವರಿಗೆ ಡಿಎಂ ಕೊಡುವ ಬಹುಮಾನ ಅದು. ಮುಂದೆ ಒಂದು ಸಲ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು, ಇಲ್ಲವೇ ಚೆನ್ನಾಗಿ ಆಡಿದ ಬೇರೆ ಆಟಗಾರರಿಗೆ ಬಿಟ್ಟುಕೊಡಬಹುದು. ನಾನು ಇಟ್ಟುಕೊಂಡೆ.

ನನ್ನ ಅಳತೆಗೋಲು ಅಲ್ಲಿಂದ ಬಂದದ್ದು: ಆ ಸಾಲು ಪಾತ್ರದ ಕೈಯಲ್ಲಿ ಏನಾದರೂ ಮಾಡಿಸುತ್ತದೆಯೇ, ಮಾಡಿಸಿ ಏನಾದರೂ ನಷ್ಟ ತರುತ್ತದೆಯೇ? ತರುವುದಾದರೆ ಅದು ಗುಣ. ಇಲ್ಲದಿದ್ದರೆ ಮದುವೆ ಲಗ್ನಪತ್ರಿಕೆಯ ಮೇಲೆ ಅಚ್ಚು ಹಾಕಿಸುವ ಬಿರುದು. ಲಗ್ನಪತ್ರಿಕೆ ಅಚ್ಚು ಹಾಕುವ ಕೆಲಸವೂ ನನ್ನದೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಈ ಕೋಲಿನಲ್ಲಿ ಅಳೆದರೆ ಏಳನೆಯ ಸಾಲು ಎಲ್ಲಕ್ಕಿಂತ ಎತ್ತರ: ನನ್ನ ಒಲವು ಒಂದು ಸಲ ತಪ್ಪಿದರೆ ಮತ್ತೆ ಬರುವುದಿಲ್ಲ. ನಮ್ಮ ತಂದೆಯ ಊರು ಪಾಂಡವಪುರ ತಾಲ್ಲೂಕು. ತಾತ ಪಟೇಲರ ಮನೆ ಜಗಲಿಯ ಹತ್ತಿರ ಹೋದರೆ ಪಟೇಲರು ಎಲೆ ಅಡಿಕೆ ಹಾಕಿಕೊಳ್ಳುತ್ತಾ "ಏನ್ಲಾ ಬಂದೆ" ಅನ್ನುತ್ತಿದ್ದರಂತೆ. ಯಾವುದೋ ಬದುವಿನ ತಕರಾರಿನಲ್ಲಿ ಅವರು ಹೇಳಿದ ಹಾಗೆ ಸಾಕ್ಷಿ ಹೇಳಲು ತಾತ ಒಪ್ಪಲಿಲ್ಲ. ಬೈಯಲಿಲ್ಲ, ಹೊಡೆಸಲಿಲ್ಲ, ಜಮೀನಿಗೂ ಕೈ ಹಾಕಲಿಲ್ಲ. "ಏನ್ಲಾ" ನಿಂತುಹೋಯಿತು, ಅಷ್ಟೇ. ಪಟೇಲರು ಮಾತು ನಿಲ್ಲಿಸಿದ ಮೇಲೆ ಅಂಗಡಿಯವನು ಸಾಲ ನಿಲ್ಲಿಸಿದ, ಸರದಿಯ ನೀರು ತಡವಾಗಿ ಬಂತು, ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳೆಲ್ಲ ರದ್ದಾದವು. ಆದರೂ ಆ ಮನೆಯವರು ನಮ್ಮಪ್ಪನ ಮದುವೆಗೆ ಬರಲಿಲ್ಲ. ಅಮೆರಿಕದಲ್ಲಿ ಕೂತು ಬರೆದವರಿಗೆ ಈ ಮೌನ ಹೇಗೆ ಗೊತ್ತಾಯಿತೋ. ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ.

ಆದರೆ ಆಡುವಾಗ ಇದರಲ್ಲಿ ಒಂದು ತೊಡಕು. ನಾಲ್ಕೈದು ಜನ ಕೂಡಿ ಹೋಗಬೇಕಾದ ಆಟ ಇದು. ನಮ್ಮಲ್ಲಿ ಈ ಗುಣ ಬಿದ್ದ ಹುಡುಗನ ಮುದ್ರೆಯುಂಗುರವನ್ನು ಗುಂಪಿನ ಕಳ್ಳನೇ ತಮಾಷೆಗೆ ಕದ್ದ. ಒಲವು ತಪ್ಪಿತು. ಅಲ್ಲಿಂದ ಆ ಎರಡು ಪಾತ್ರಗಳು ನೇರ ಮಾತಾಡದೆ, ನನ್ನ ಮೂಲಕ "ಅವನಿಗೆ ಹೇಳು" ಅಂತ ಹೇಳಿಸುತ್ತಿವೆ. ಸುರಂಗದಲ್ಲಿ ದೆವ್ವ ಎದುರಿಗೆ ನಿಂತಾಗಲೂ ಹಾಗೇ. ನಗು ಬರುತ್ತದೆ, ಬೇಸರವೂ ಬರುತ್ತದೆ. ಈ ಗುಣವನ್ನು ಗುಂಪಿನ ಹೊರಗಿನವರ ಮೇಲೆ ಮಾತ್ರ ತಿರುಗಿಸಿ ಅಂತ ಒಂದು ಎಚ್ಚರಿಕೆ ಪುಸ್ತಕದಲ್ಲೇ ಇರಬೇಕಿತ್ತು.

ಎಂಟನೆಯದು ಅದರ ಅಣ್ಣ: ನನಗೆ ಕೇಡು ಮಾಡಿದರೆ ನಿನ್ನನ್ನು ಹೊಸಕಿಹಾಕಿ, ಹೆಸರು ಕೆಡಿಸಿ, ಹೊಲಕ್ಕೆ ಉಪ್ಪು ಬಿತ್ತುತ್ತೇನೆ. ಡಿಎಂ ಇದನ್ನು ಆಟಗಾರರಿಗೆ ಕೊಡಲಿಲ್ಲ, ತಾನೇ ಇಟ್ಟುಕೊಂಡಳು. ಕೋಟೆ ಕಳೆದುಕೊಂಡ ಒಬ್ಬ ಹಳೆಯ ರಾಣಿಗೆ ಈ ಗುಣ. ಉಪ್ಪಿನ ಜಾಗದಲ್ಲಿ ಮರಳು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ, ಒಡವೆಗಾಗಿ ಬೆನ್ನಟ್ಟಿ ಬಂದವರಿಗೆ ಸಿಗದೆ ಮಾಲಂಗಿಯಲ್ಲಿ ಕಾವೇರಿಗೆ ಹಾರಿದ ಅಲಮೇಲಮ್ಮನ ಕತೆ ಅಜ್ಜಿಯರ ಬಾಯಲ್ಲೇ ಇದೆ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಗಮನಿಸಬೇಕಾದ್ದು, ಶಾಪ ಹಾಕುವ ಹೊತ್ತಿಗೆ ಆಕೆಯ ಕೈಯಲ್ಲಿ ಅಧಿಕಾರ ಇರಲಿಲ್ಲ. ಸೈನ್ಯ ಇರುವವನು ಹೊಲ ಹಾಳುಮಾಡುತ್ತೇನೆ ಅಂದರೆ ಅದೊಂದು ಸುದ್ದಿ. ಎಲ್ಲ ಕಳೆದುಕೊಂಡವಳು ಅಂದರೆ ಮೈ ಜುಮ್ಮೆನ್ನುತ್ತದೆ. ಪುಸ್ತಕದ ಈ ಸಾಲನ್ನು ಬಲಶಾಲಿ ಪಾತ್ರಕ್ಕಿಂತ ಸೋತ ಪಾತ್ರಕ್ಕೆ ಕೊಟ್ಟು ನೋಡಿ.

ಆರನೆಯದನ್ನು ಬೇಕೆಂದೇ ಹಿಂದಕ್ಕೆ ಉಳಿಸಿಕೊಂಡಿದ್ದೆ. ಹುಟ್ಟು ದೊಡ್ಡದಾದರೂ ನಾನು ಯಾರಿಗಿಂತ ಮೇಲಲ್ಲ, ಎಲ್ಲರ ರಕ್ತವೂ ಒಂದೇ ಅನ್ನುವ ಗುಣ ಅದು. ಒಂಟಿಯಾಗಿ ನೋಡಿದರೆ ಶಾಲೆಯ ಗೋಡೆಬರಹ. ಆದರೆ ಈ ಹಿನ್ನೆಲೆಯಲ್ಲಿ ಗುಣಗಳ ಜೊತೆಗೆ ಆದರ್ಶ, ಬಂಧ, ಕುಂದು ಅಂತ ಇನ್ನೂ ಮೂರು ಕೋಷ್ಟಕಗಳಿವೆ, ಒಂದೊಂದರಲ್ಲೂ ಆರು ಸಾಲು. ಕುಂದುಗಳಲ್ಲಿ ಮೊದಲನೆಯದು, ಒಳಗೊಳಗೇ ಎಲ್ಲರೂ ನನಗಿಂತ ಕೀಳು ಅಂತ ನಂಬಿರುವುದು. ನಮ್ಮಲ್ಲಿ ಒಬ್ಬ ಹುಡುಗನಿಗೆ ದಾಳದಲ್ಲಿ ಗುಣ ಆರು, ಕುಂದು ಒಂದು, ಎರಡೂ ಬಿದ್ದವು. ಇದು ಹೊಂದುವುದಿಲ್ಲ, ಇನ್ನೊಂದು ಸಲ ಹಾಕುತ್ತೇನೆ ಅಂದ. ಡಿಎಂ ಬಿಡಲಿಲ್ಲ.

ಆ ಹುಡುಗ ಆಡಿದ ರೀತಿಯನ್ನು ನಾನು ಮರೆಯಲಾರೆ. ಅವನ ಪಾತ್ರ ಊರಿನವರನ್ನೆಲ್ಲ ಅಣ್ಣ, ಅಕ್ಕ ಅಂತಲೇ ಕರೆಯುತ್ತದೆ. ಆಳುಗಳ ಜೊತೆ ನೆಲದ ಮೇಲೆ ಕೂರುತ್ತದೆ. ರಕ್ತ ಒಂದೇ ಅಂತ ಭಾಷಣ ಮಾಡುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಒಬ್ಬರ ಮನೆಯಲ್ಲಿ ಊಟ. ಬಾಳೆ ಎಲೆ ಹಾಕಿ, ನೀರು ಚಿಮುಕಿಸಿ, ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಡಲು ಬಂದರು. ಇವನು ನಗುತ್ತಲೇ, "ಅಕ್ಕ, ಎಲೆ ಇನ್ನೊಂದ್ಸಲ ತೊಳೆದುಬಿಡಿ" ಅಂದ. ಅಷ್ಟೇ. ಮನೆಯ ಹೆಂಗಸಿನ ಪಾತ್ರ ಆಡುತ್ತಿದ್ದ ಡಿಎಂ ಒಂದು ಗಳಿಗೆ ಸುಮ್ಮನಿದ್ದು, "ತೊಳೆದೇ ಹಾಕಿದ್ದು" ಅಂದಳು. ಅವನು, "ಗೊತ್ತು, ಆದ್ರೂ" ಅಂದ. ಕತ್ತಿ ಹೊರಗೆ ಬರಲಿಲ್ಲ, ದಾಳ ಉರುಳಲಿಲ್ಲ, ಆದರೂ ಅವತ್ತಿನ ಆಟದಲ್ಲಿ ಅದಕ್ಕಿಂತ ಗಟ್ಟಿ ಏಟು ಯಾರೂ ಕೊಡಲಿಲ್ಲ. ಇದನ್ನೆಲ್ಲಿ ನೋಡಿದ್ದೆ ಅಂತ ನಾನು ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಎಲ್ಲಾದರೂ ಒಂದು ಕಡೆ ಕಣ್ಣಿಗೆ ಬಿದ್ದೇ ಇರುತ್ತದೆ.

ಹಾಗಾಗಿ ಗುಣಗಳ ಕೋಷ್ಟಕವನ್ನು ಒಂಟಿಯಾಗಿ ಓದಬೇಡಿ, ಕುಂದಿನ ಪಕ್ಕದಲ್ಲಿಟ್ಟು ಓದಿ. ಎಲ್ಲರೂ ನನ್ನನ್ನು ಪ್ರೀತಿಸುತ್ತಾರೆ ಅನ್ನುವ ಆ ಸೋಮಾರಿ ಎರಡನೇ ಸಾಲಿಗೂ, ಆಡಿದ ಪ್ರತಿ ಮಾತಿನಲ್ಲೂ ಮರೆಯ ಅವಮಾನ ಕೇಳಿಸಿ ಸಿಟ್ಟಾಗುವ ಮೂರನೇ ಕುಂದು ಸೇರಿದರೆ ಜೀವ ಬರುತ್ತದೆ. ಮನೆತನವನ್ನೇ ಮುಳುಗಿಸುವ ಗುಟ್ಟೊಂದನ್ನು ಬಚ್ಚಿಟ್ಟಿರುವ ಕುಂದು ಇದೆ. ಗುಟ್ಟು ಏನು ಅಂತ ಪುಸ್ತಕ ಹೇಳುವುದಿಲ್ಲ, ಆಟಗಾರರೇ ಕಟ್ಟಬೇಕು. ಹೊಸಬರಿಗೆ ಅದೇ ಸುಲಭದ ದಾರಿ. ಕಾಮದ ದಾಹದ ಒಂದು ಕುಂದನ್ನು ನಮ್ಮ ಮೇಜಿನಲ್ಲಿ ಮೊದಲೇ ಹೊಡೆದುಹಾಕಿದ್ದೇವೆ. ಮಗಳ ಎದುರಿಗೆ ಅಪ್ಪ, ಅಪ್ಪನ ಎದುರಿಗೆ ಮಗಳು ಆಡುವ ಆಟ ಅಲ್ಲ ಅದು. ಆದರ್ಶಗಳ ಕೋಷ್ಟಕ ನೀತಿಪಾಠದಂತಿದೆ, ದಾಟಿಹೋದರೆ ನಷ್ಟವಿಲ್ಲ.

ಕೋಷ್ಟಕಕ್ಕಿಂತ ಮುಂಚೆ ಕೆಲವು ಪ್ರಶ್ನೆಗಳಿವೆ, ಅವನ್ನು ಹಾರಿಸಿಬಿಡುವವರೇ ಹೆಚ್ಚು. ಪದವಿ ಹಳೆಯದೋ ನಿನ್ನೆ ಮೊನ್ನೆ ಬಂದದ್ದೋ? ಯಾವ ಸೀಮೆಯ ಮೇಲೆ ಎಷ್ಟು ಹಿಡಿತ? ನೀನು ವಾರಸುದಾರನೋ, ಅಥವಾ ಏನು ಮಾಡಿಕೊಂಡರೂ ಯಾರೂ ಕೇಳದಷ್ಟು ದೂರದವನೋ? ಮನೆಯ ಯಜಮಾನರಿಗೆ ನೀನು ಹೀಗೆ ಊರೂರು ಸುತ್ತುವುದು ಒಪ್ಪಿಗೆಯೇ? ಲಾಂಛನ ಇದೆಯೇ, ಯಾವ ಪ್ರಾಣಿ? ಗಂಡಭೇರುಂಡದ ಊರಿನವರಿಗೆ ಕೊನೆಯದು ಸಲೀಸು. ಉಳಿದವಕ್ಕೆ ಅರ್ಧ ಗಂಟೆ ಕೂತು ಉತ್ತರ ಬರೆದರೆ ಎಂಟು ಗುಣಗಳಲ್ಲಿ ಯಾವುದು ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮತ್ತೊಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು. ಬೇರೆಯವರು ಬಡಗಿಯ ಉಪಕರಣವೋ ಬೀಗ ಬಿಚ್ಚುವ ಉಪಕರಣವೋ ಕಲಿತಿದ್ದರೆ, ನೋಬಲ್ ಕಲಿತಿರುವುದು ಒಂದು ಆಟದ ಸೆಟ್: ದಾಳವೋ, ಇಸ್ಪೀಟೋ, ಪುಸ್ತಕದ್ದೇ ಒಂದು ಡ್ರ್ಯಾಗನ್ ಚೆಸ್ಸೋ. ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನಲ್ಲಿ ಇದನ್ನು ಓದಿ ಸುಮ್ಮನಿರುವುದು ಹೇಗೆ? 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವ ತನಕ ಅವರಿಗೆ ಉಳಿದದ್ದು ಹೆಸರು, ಅರಮನೆ, ಮತ್ತು ಮುಗಿಯದಷ್ಟು ಹೊತ್ತು. ಆ ಹೊತ್ತಿನಲ್ಲಿ ಪುಸ್ತಕ ಬರೆಸಿದರು, ಚದುರಂಗದ ಕುದುರೆಯನ್ನು ಎಲ್ಲ ಮನೆಗೂ ಒಂದೊಂದೇ ಸಲ ಕಾಲಿಡಿಸುವ ಲೆಕ್ಕ ಬಿಡಿಸಿದರು, ಗಂಜೀಫ ಅನ್ನುವ ಹಳೆಯ ಎಲೆಯಾಟದ ಹೊಸ ಹೊಸ ಬಗೆ ಕಟ್ಟಿದರು. ದಶಾವತಾರ ಗಂಜೀಫಕ್ಕೆ 120 ಎಲೆ; ಅವರು ಕಟ್ಟಿದ್ದರಲ್ಲಿ 360 ಎಲೆಯದೂ ಇದೆ. ನಮ್ಮ ಡಿಎಂ ನನ್ನ ಶೀಟಿನಲ್ಲಿ ಇಸ್ಪೀಟು ಹೊಡೆದು ಗಂಜೀಫ ಅಂತ ಬರೆದಿದ್ದಾಳೆ.

ಈ ಪುಟಗಳ ದೊಡ್ಡ ಕೊರತೆಯೂ ಅಲ್ಲೇ ಇದೆ. ಪದವಿ ಕಿತ್ತುಕೊಂಡ ಮೇಲಿನ ನೋಬಲ್ ಗುಣಗಳ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಹೋದ ಕಡೆಯಲ್ಲೆಲ್ಲ ಜನ ಒಳ್ಳೆಯದನ್ನೇ ಭಾವಿಸುತ್ತಾರೆ, ಸ್ಥಳೀಯ ದೊರೆಯ ಭೇಟಿ ಬೇಕೆಂದರೆ ಸಿಗುತ್ತದೆ ಅನ್ನುವ ಸವಲತ್ತನ್ನು ಎಲ್ಲ ನೋಬಲ್‌ಗಳಿಗೂ ಕೊಟ್ಟಿದ್ದಾರೆ. ಬೇಡವೆಂದರೆ ಅದರ ಬದಲು ಮೂವರು ಆಳುಗಳು. ಅವರು ಹೊಡೆದಾಡುವುದಿಲ್ಲ, ಅಪಾಯದ ಕಡೆ ಬರುವುದಿಲ್ಲ, ಕೆಟ್ಟದಾಗಿ ನಡೆಸಿಕೊಂಡರೆ ಬಿಟ್ಟುಹೋಗುತ್ತಾರೆ. ಆ ಕೊನೆಯ ಷರತ್ತು ಹಾಕಿದವರಿಗೆ ನನ್ನ ನಮಸ್ಕಾರ. ಆದರೆ 1971ರ 26ನೇ ತಿದ್ದುಪಡಿಯಲ್ಲಿ ರಾಜಧನ ರದ್ದಾದ ದೇಶದಲ್ಲಿ, ಕಾಗದದ ಮೇಲೆ ಪದವಿ ಹೋಗಿ ಜನರ ಬಾಯಲ್ಲಿ ಮಾತ್ರ ಉಳಿದವರು ಹೇಗೆ ನಡೆಯುತ್ತಾರೆ, ಹೇಗೆ ಕೂರುತ್ತಾರೆ ಅನ್ನುವುದಕ್ಕೆ ಎಂಟರಲ್ಲಿ ಒಂದು ಸಾಲಾದರೂ ಬೇಕಿತ್ತು.

ಕೊಳ್ಳುವ ವಿಚಾರ. 2024ರಲ್ಲಿ ಬಂದ ಹೊಸ ಹ್ಯಾಂಡ್‌ಬುಕ್ 384 ಪುಟ. ಅದರಲ್ಲೂ ನೋಬಲ್ ಇದೆ, ಇತಿಹಾಸ ಮತ್ತು ಮನವೊಲಿಕೆ ಹಾಗೇ ಇವೆ, ಆದರೆ ಪ್ರತಿ ಹಿನ್ನೆಲೆಗೂ ಇದ್ದ ಗುಣ, ಕುಂದುಗಳ ಕೋಷ್ಟಕ ತೆಗೆದಿದ್ದಾರೆ. ಹಾಗಾಗಿ ಈ ಎಂಟು ಸಾಲಿಗೋಸ್ಕರ ಹೊಸದನ್ನು ಕೊಳ್ಳಬೇಡಿ. ಹಳೆಯದನ್ನೂ ಕೊಳ್ಳಲೇಬೇಕೆಂದಿಲ್ಲ, ಹಳೆಯ ಆವೃತ್ತಿಯ 'ಬೇಸಿಕ್ ರೂಲ್ಸ್' ಅಂತ ಪ್ರಕಾಶಕರೇ ಉಚಿತವಾಗಿ ಬಿಟ್ಟ ಪಿಡಿಎಫ್‌ನಲ್ಲಿ ನೋಬಲ್ ಪೂರ್ತಿ ಇದೆ. ಅದನ್ನು ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿಕೊಂಡರೆ ಸಾಕು. ನನ್ನ ಅಂಗಡಿಯ ಲಾಭಕ್ಕೆ ಹೇಳುತ್ತಿಲ್ಲ, ಎಲ್ಲಾದರೂ ಹಾಕಿಸಿ. ಆ 320 ಪುಟವನ್ನೇ ತಂದು ಜೆರಾಕ್ಸ್ ಮಾಡಿಕೊಡಿ ಅನ್ನುವವರಿಗೆ ಮಾತ್ರ ನಾನು ಮಾಡಿಕೊಡುವುದಿಲ್ಲ.

ನಾವೀಗ ನಿಯಮಗಳಿಗೆ ಹೊಸದು, ಸ್ವಭಾವಕ್ಕೆ ಹಳೆಯದು ಅಂತ ಎರಡನ್ನೂ ಇಟ್ಟುಕೊಂಡು ಆಡುತ್ತಿದ್ದೇವೆ. ಮೊದಲ ಮೂರು ಸಾಲು ತೆಗೆದು ನಮ್ಮವೇ ಸಾಲು ಸೇರಿಸುವ ಕೆಲಸ ನಡೆದಿದೆ. ಒಂದು ನಾನು ಬರೆದದ್ದು: ಇಲ್ಲ ಅಂತ ನಾನು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡೋಣ ಅಂತ ಹೇಳಿ ಮರೆತುಬಿಡುತ್ತೇನೆ. ಎಲೆ ತೊಳೆಸಿದ ಹುಡುಗನದು ಇನ್ನೊಂದು: ಸಾಲ ಕೇಳಲು ಹೋದಾಗಲೂ ಕುರ್ಚಿ ಹಾಕುವ ತನಕ ನಿಂತೇ ಇರುತ್ತೇನೆ. ಮಗಳು ಬರೆದದ್ದನ್ನು, ತಾನೇ ಮಾಡಿದ ಕಾಫಿಯನ್ನು ಬೇರೆಯವರು ಹೊಗಳುವ ತನಕ ಕುಡಿಯುವುದಿಲ್ಲ ಅನ್ನುವುದನ್ನು, ಅದು ನೋಬಲ್ ಅಲ್ಲ, ಅಂಕಲ್ ಅಂತ ಡಿಎಂ ಹೊಡೆದುಹಾಕಿದ್ದಾಳೆ.